ಗೀರು ಬೀಳದ ನೆಲ

ಅಪ್ಪನಿಗೆ ಮಾತು ಹೋದ ಮೇಲೆ ಉಳಿದದ್ದು ಒಂದು ಊರುಗೋಲು, ಎಡಗೈ ಮತ್ತು ಮುಂದಿನ ಕೋಣೆಯ ನೆಲ.

ಆ ನೆಲವನ್ನು ಹಾಸಿದ್ದು ಅವನೇ. ಜೀವಮಾನವೆಲ್ಲ ಬೇರೆಯವರ ಮನೆಗಳಿಗೆ ಮರದ ನೆಲ ಹಾಸಿದ ಮೇಸ್ತ್ರಿ. ಒಂದೊಂದು ಕೆಲಸ ಮುಗಿದಾಗಲೂ ಉಳಿಕೆಯಲ್ಲಿ ಒಂದು ತುಂಡನ್ನು ಮನೆಯವರನ್ನು ಕೇಳಿ, ಅಂಗಿಯ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಅಂಗೈಯಗಲದ ಆ ತುಂಡುಗಳನ್ನು ಕೂಡಿಸಿ ತನ್ನ ಮುಂದಿನ ಕೋಣೆಗೆ ಹಾಸತೊಡಗಿದಾಗ ಮಗಳಿಗಿನ್ನೂ ಹಾಲುಹಲ್ಲು. ಅಗ್ಗಿಷ್ಟಿಕೆಯ ಕಡೆಯಿಂದ ಶುರುವಾದ ಕೆಲಸ ಬಾಗಿಲಿಗೆ ಬಂದು ಮುಟ್ಟಿದಾಗ ಅವಳು ಔಷಧಿ ಅಂಗಡಿಯ ಕೆಲಸಕ್ಕೆ ಸೇರಿಯಾಗಿತ್ತು. ಹಳದಿ, ಕೆಂಪು, ಜೇನಿನ ಬಣ್ಣ, ಇದ್ದಿಲ ಕಪ್ಪು. ಅಕ್ಕಪಕ್ಕದ ಯಾವ ಎರಡು ತುಂಡೂ ಒಂದೇ ಮರದ್ದಲ್ಲ. ನೋಡಿದವರು ಹೊಗಳಿದರೆ ಅಪ್ಪ ಹೇಳುತ್ತಿದ್ದದ್ದು ಇಷ್ಟೇ: "ಹತ್ತು ಮನೆಯಿಂದ ಬಂದ ಸೊಸೆಯರಿದ್ದ ಹಾಗೆ ಇವು. ಒಣಗಿರೋ ತನಕ ಒಗ್ಗಟ್ಟು. ನೀರು ಕಂಡ್ರೆ ಒಬ್ಬೊಬ್ಬಳು ಒಂದೊಂದು ದಿಕ್ಕು." ಆ ಕೋಣೆಗೆ ಒದ್ದೆ ಬಟ್ಟೆ ತರುವಂತಿರಲಿಲ್ಲ. ಛತ್ರಿ ಬಾಗಿಲ ಹೊರಗೇ ಉಳಿಯಬೇಕು. ಅಮ್ಮ ಒಣಬಟ್ಟೆಯಲ್ಲಿ ಒರೆಸಿ ಒರೆಸಿ, ತನ್ನ ಮೊಣಕಾಲು ಸವೆದದ್ದೇ ಹೊರತು ನೆಲ ಸವೆದಿಲ್ಲ ಎಂದು ಗೊಣಗುತ್ತಿದ್ದಳು.

ಪಾರ್ಶ್ವವಾಯು ಬಡಿದದ್ದು ಚಳಿಗಾಲದ ಹೊಸ್ತಿಲಲ್ಲಿ. ಬಲಗಡೆ ಬಿದ್ದುಹೋಯಿತು, ನಾಲಿಗೆಯೂ ಅದರ ಹಿಂದೆಯೇ ಹೋಯಿತು. ಮಹಡಿ ಹತ್ತಲಾರದವನ ಮಂಚವನ್ನು ಮುಂದಿನ ಕೋಣೆಗೆ ಇಳಿಸಿದರು. ಕೆಲವು ವಾರ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಸದ್ದು. ಅದಕ್ಕೆ ಅರ್ಥ ಹಚ್ಚಲು ಹೋಗಿ ತಾಯಿ ಮಗಳಿಬ್ಬರೂ ಸೋತರು. ಆಮೇಲೊಂದು ಬೆಳಿಗ್ಗೆ ಅವನು ಮಂಚದ ಅಂಚಿಗೆ ಕೂತು, ಕೋಲಿನ ತುದಿಯನ್ನು ಒಂದು ಕೆಂಪು ತುಂಡಿನ ಮೇಲಿಟ್ಟ. ಮಗುವಿಗೆ ಚಿತ್ರದ ಪುಸ್ತಕ ತೋರಿಸುವವಳಂತೆ ಅಮ್ಮ, ಅದು ಬೇಕರಿಯವರ ಮನೆಯದು ಎಂದಳು. ಅವನು ಮತ್ತೆ ಅಲ್ಲೇ ಕುಟ್ಟಿದ. ಬ್ರೆಡ್ ಬೇಕೇ ಎಂದು ಕೇಳಿದಳು. ಮುಖದ ಎಡ ಅರ್ಧ ನಕ್ಕಿತು.

ಅಲ್ಲಿಂದ ಅವರ ಮಾತು ಶುರುವಾಯಿತು. ಹಸಿವಾದರೆ ಬೇಕರಿಯ ತುಂಡು. ಅದರ ಒತ್ತಿಗೇ ಇದ್ದ ಬೂದುಬಣ್ಣದ್ದು ಈಜುಕೊಳದ ಕಚೇರಿಯಿಂದ ಬಂದದ್ದು, ಅದು ನೀರು. ಮಗಳೆಲ್ಲಿ ಎಂದು ಕೇಳಬೇಕಾದರೆ ಅವಳ ಶಾಲೆಯ ವೇದಿಕೆಯ ಕಪ್ಪು ತುಂಡು. ಅಗ್ಗಿಷ್ಟಿಕೆಯ ಪಕ್ಕದ ಮೊದಲ ಸಾಲಿನಲ್ಲಿ ಒಬ್ಬ ವಕೀಲರ ಮನೆಯದಿತ್ತು. ಅಪ್ಪ ನೆಲ ಹಾಸುವಷ್ಟು ದಿನವೂ ಆ ವಕೀಲ ತಲೆಯ ಮೇಲೆ ನಿಂತು ಮಾತಾಡಿ ಮಾತಾಡಿ ಜೀವ ತಿಂದಿದ್ದನಂತೆ. ಕೋಲು ಆ ತುಂಡಿನ ಮೇಲೆ ಬಿತ್ತೆಂದರೆ, ಸಾಕು, ಬಾಯಿ ಮುಚ್ಚಿ ಎಂದರ್ಥ. ಅಮ್ಮನಿಗೆ ದಿನಕ್ಕೊಂದು ಸಲವಾದರೂ ವಕೀಲರ ದರ್ಶನವಾಗುತ್ತಿತ್ತು. ಮದುವೆಯಾದಾಗಿನಿಂದ ಹೇಳಬೇಕೆಂದಿದ್ದದ್ದು ಈಗ ಕೋಲಿನ ತುದಿಯಲ್ಲಿ ಬರುತ್ತಿದೆ ಎಂದು ಅವಳು ನಗುತ್ತಿದ್ದಳು. ಎಷ್ಟೋ ವರ್ಷದ ದಾಂಪತ್ಯದಲ್ಲಿ ಅವರಿಬ್ಬರು ಅಷ್ಟು ಮಾತಾಡಿದ್ದನ್ನು ಮಗಳು ಕಂಡಿರಲಿಲ್ಲ.

ಆದರೆ ಆ ಕೋಣೆ ಚಳಿಗೆ ತವರುಮನೆ. ಹಳೆಯ ಅಗ್ಗಿಷ್ಟಿಕೆ ಇತ್ತು, ಹೆಸರಿಗೆ. ಸೌದೆ ಹಾಕಿದರೆ ಶಾಖವೆಲ್ಲ ಚಿಮಣಿಗೆ, ಹೊಗೆಯೆಲ್ಲ ಮನೆಗೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸು, ಬಿದ್ದ ಕೈಕಾಲು ತಣ್ಣಗಾದಷ್ಟೂ ಬಿಗಿಯುತ್ತದೆ, ಕೋಣೆ ಬೆಚ್ಚಗಿದ್ದರೆ ಬೇಸಿಗೆಯ ಹೊತ್ತಿಗೆ ಹತ್ತು ಹೆಜ್ಜೆ ನಡೆಸುತ್ತೇನೆ ಎಂದಳು. ಆ ಹತ್ತು ಹೆಜ್ಜೆಯ ಮೇಲೆ ಅಮ್ಮ ತನ್ನ ಪ್ರಾಣವನ್ನೇ ಕಟ್ಟಿಟ್ಟಳು. ತಮ್ಮನಿಗೆ ಹೇಳಿ ಕಳಿಸಿದಳು.

ತಮ್ಮ, ಎಂದರೆ ಮಗಳಿಗೆ ಸೋದರಮಾವ, ಒಲೆ ಕೂರಿಸುವ ಕೆಲಸದವನು. ಹಳೆಯ ಅಗ್ಗಿಷ್ಟಿಕೆಯ ಗೂಡಿನೊಳಗೆ ಗಾಜಿನ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆಯನ್ನು ತೂರಿಸಿ, ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿ, ಅದೇ ಸೌದೆಯಲ್ಲಿ ಮನೆಯೆಲ್ಲ ಬೆಚ್ಚಗಾಗುವಂತೆ ಮಾಡುವುದು ಅವನ ಕಸುಬು. ಅವನನ್ನು ಅಪ್ಪ ಹೆಸರು ಹಿಡಿದು ಕರೆದವನೇ ಅಲ್ಲ. ಗೀರಪ್ಪ ಎನ್ನುತ್ತಿದ್ದ. ಅದಕ್ಕೊಂದು ಕಥೆ. ಮಾವ ಹೊಸದಾಗಿ ಕಸುಬು ಹಿಡಿದಾಗ, ಅಪ್ಪ ಆಗಷ್ಟೇ ನೆಲ ಹಾಸಿ ಮುಗಿಸಿದ್ದ ಒಂದು ಮನೆಯಲ್ಲಿ ಕಬ್ಬಿಣದ ಒಲೆಯನ್ನು ಎತ್ತದೆ ಎಳೆದುಬಿಟ್ಟ. ಬಾಗಿಲಿನಿಂದ ಅಗ್ಗಿಷ್ಟಿಕೆಯವರೆಗೆ ಉದ್ದಕ್ಕೂ ಒಂದು ಗೀರು. ಅಪ್ಪ ಮಂಡಿಯೂರಿ ಆ ಗೀರನ್ನು ತಿಕ್ಕಿ ತೆಗೆಯುತ್ತ ಒಂದು ಬೈಗುಳವನ್ನೂ ಆಡಲಿಲ್ಲವಂತೆ. ಎದ್ದು ಕೈ ಒರೆಸಿಕೊಂಡು, ಬಾ ಗೀರಪ್ಪ, ಟೀ ಕುಡಿಯೋಣ ಎಂದನಂತೆ. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆ ಹೆಸರು ಮಾವನಿಗೆ ಮೈಗೆ ಅಂಟಿದ ಮಸಿಯಾಯಿತು. ಅದನ್ನು ತೊಳೆದುಕೊಳ್ಳಲು ಅವನು ಊರಿನಲ್ಲೇ ಅತಿ ಜೋಪಾನದ ಕೆಲಸಗಾರನಾದ. ಅವನು ಒಲೆ ಕೂರಿಸಿದ ಮನೆಯಲ್ಲಿ ಬೂದಿಯ ಕಣ ಹುಡುಕಿದರೂ ಸಿಗುವುದಿಲ್ಲ ಎಂಬ ಮಾತಿತ್ತು.

ಮಾವ ಬಂದು ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿ, ಟಾರ್ಚು ಬಿಟ್ಟು ನೋಡಿದ. ಗೂಡು ಗಟ್ಟಿಯಿದೆ, ಮುಂದಿನ ಕಲ್ಲುಹಾಸು ಮಾತ್ರ ಬಿರುಕು ಬಿಟ್ಟಿದೆ, ಅಗಲವೂ ಸಾಲದು ಎಂದ. ಒಲೆಯ ಬಾಗಿಲು ತೆಗೆದಾಗ ಕೆಂಡ ಸಿಡಿದರೆ ಅದು ಬೀಳಬೇಕಾದ್ದು ಕಲ್ಲಿನ ಮೇಲೆ, ಮರದ ಮೇಲಲ್ಲ. ಹಳೆಯ ಕಲ್ಲು ಕಿತ್ತು, ಕೆಳಗೆ ಹೊಸ ಗಾರೆ ಹಾಕಿ, ಅಗಲದ ಚಪ್ಪಡಿ ಕೂರಿಸಬೇಕು. ಅದಕ್ಕೆ ನೆಲದ ಮೊದಲ ಸಾಲನ್ನು ತೆಗೆಯದೆ ವಿಧಿಯಿಲ್ಲ. ಇದನ್ನು ಹೇಳುವಾಗ ಅವನು ಬಾವನ ಮುಖ ನೋಡಲಿಲ್ಲ, ಅಕ್ಕನ ಕಡೆ ತಿರುಗಿಕೊಂಡು ಹೇಳಿದ.

ಅಪ್ಪ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದ. ಆಮೇಲೆ ಕೋಲನ್ನು ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ತುಂಡಿನ ಮೇಲೆ ಇಟ್ಟು ಎತ್ತಿದ. ಅಮ್ಮ ಒಂದೊಂದರ ಮನೆ ಹೇಳಿದಳು. ವಕೀಲರದ್ದು ಬಂದಾಗ ಮಾವ, "ಒಳ್ಳೇದಾಯ್ತು ಬಿಡಕ್ಕ. ಇನ್ನು ನಿನ್ನ ಬಾಯಿಗೆ ಬೀಗ ಇಲ್ಲ" ಎಂದ. ಅಪ್ಪನ ಎಡಗೆನ್ನೆ ಅಲುಗಿತು. ಕೊನೆಯ ತುಂಡು ಮುಗಿಸಿ ಅವನು ಕಣ್ಣು ಮುಚ್ಚಿ ತೆರೆದ. ಒಪ್ಪಿಗೆ.

ಮಾವ ಆ ಸಾಲನ್ನು ಉಳಿಯಿಂದ, ಹಲ್ಲು ಕೀಳುವವನಷ್ಟು ನಾಜೂಕಾಗಿ ಎಬ್ಬಿಸಿದ. ಒಂದೂ ಸೀಳಲಿಲ್ಲ. ಅಮ್ಮ ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಮೇಲಟ್ಟಕ್ಕೆ ಏರಿಸಿದಳು.

ಮರುದಿನ ಮಾವ ನೆಲಕ್ಕೆ ಹೊದಿಸಿದ ರೀತಿಯನ್ನು ಮಗಳು ಕೆಲಸಕ್ಕೆ ಹೋಗುವ ಮುಂಚೆ ನಿಂತು ನೋಡಿದಳು. ಸಾಮಾನ್ಯವಾಗಿ ಅವನು ಒಂದು ಕಂಬಳಿ, ಅದರ ಮೇಲೆ ಹಲಗೆ ಹಾಕುತ್ತಿದ್ದ, ಸಂಜೆಗೆ ಎತ್ತುತ್ತಿದ್ದ. ಇಲ್ಲಿ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ, ಗೋಡೆಯಿಂದ ಗೋಡೆಗೆ, ಅಂಚುಗಳಿಗೆಲ್ಲ ಎರಡೆರಡು ಸುತ್ತು ಟೇಪು. ಅದರ ಮೇಲೆ ಕಂಬಳಿ. ಕಂಬಳಿಯ ಮೇಲೆ ಪ್ಲೈವುಡ್, ಅದರ ಸಂದುಗಳಿಗೂ ಟೇಪು. ಬಾಣಂತಿಗೆ ಹೊದಿಸಿದ ಹಾಗೆ ಹೊದಿಸುತ್ತಿದ್ದೀಯ ಎಂದು ಅಮ್ಮ ಛೇಡಿಸಿದಳು. ಮಾವ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದ ಬಾವನ ಕಡೆ ತಿರುಗಿ ಹೇಳಿದ: "ನೋಡ್ತಾ ಇರಿ ಬಾವ. ಆನೆ ನಡೆಸಿದ್ರೂ ಗೀರು ಬೀಳಲ್ಲ."

ಬೀಳಲಿಲ್ಲ. ಹಳೆಯ ಕಲ್ಲು ಒಡೆದದ್ದು, ಗೂಡಿನ ಮಸಿ ಕೆರೆದದ್ದು, ಗಾಡಿಯ ಡ್ರೈವರನ ಜೊತೆ ಆ ಕಬ್ಬಿಣದ ಪೆಟ್ಟಿಗೆಯನ್ನು ಹೊತ್ತು ತಂದದ್ದು, ಯಾವುದೂ ನೆಲವನ್ನು ಮುಟ್ಟಲಿಲ್ಲ. ಗಾರೆ ಕಲಸಿ ಗುಂಡಿಗೆ ಸುರಿದು, ಶಾಖ ತಡೆಯುವ ಹಲಗೆ ಹಾಕಿ, ಚಪ್ಪಡಿ ಕೂರಿಸಿದ. ಕಿತ್ತ ಸಾಲಿನ ಕಡೆ ನೆಲದ ಮರ ಬರಿಮೈಯಲ್ಲಿ ಆ ಹಸಿ ಗಾರೆಗೆ ತಗುಲಿಕೊಂಡಿತ್ತು. ಅಲ್ಲಿ ಪ್ಲಾಸ್ಟಿಕ್ಕಿನ ಅಂಚನ್ನು ಮಾವ ಮಡಚಿ ಚಪ್ಪಡಿಗೆ ಒತ್ತಿಟ್ಟ. ಟೇಪು ಒದ್ದೆ ಕಲ್ಲಿಗೆ ಹಿಡಿಯಲಿಲ್ಲ. ಒಂದು ಇಟ್ಟಿಗೆ ಇಟ್ಟ.

ಹೊರಡುವ ಮುನ್ನ ಅಕ್ಕನಿಗೆ ಬುದ್ಧಿ ಹೇಳಿದ. ಗಾರೆಗೆ ಚೆನ್ನಾಗಿ ನೀರು ಕುಡಿಸದೆ ಬೆಂಕಿ ತೋರಿಸಬಾರದು, ಸೀಳಿಬಿಡುತ್ತದೆ. ಚಪ್ಪಡಿಯ ಸುತ್ತ ಗೋಣಿ ಹಾಕಿದ್ದೇನೆ, ಬೆಳಿಗ್ಗೆ ಸಂಜೆ ನೆನೆಸು. ಹೊದಿಕೆ ಎತ್ತಬೇಡ, ಚಿಮಣಿಯ ಕೆಲಸ ಇನ್ನೂ ಬಾಕಿಯಿದೆ, ಮಸಿ ಬೀಳುತ್ತದೆ. ಅಪ್ಪನ ಮಂಚವನ್ನು ಆ ಪ್ಲೈವುಡ್ಡಿನ ಮೇಲೇ ತಂದಿಟ್ಟರು. ಅಮ್ಮ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರನ್ನು, ಗಿಡಕ್ಕೆ ಹಾಕುವಷ್ಟೇ ಅಕ್ಕರೆಯಿಂದ ಗೋಣಿಗೆ ಹಾಕಿದಳು. ಒಂದೊಂದು ದಿನ, ಇರಲಿ ಎಂದು ಇನ್ನರ್ಧ ಚೊಂಬು.

ಅಪ್ಪ ಮೊದಲ ದಿನವೇ ಗೋಡೆಯ ಪಕ್ಕದ ಟೇಪನ್ನು ಕೋಲಿನಿಂದ ಕಿತ್ತ. ಅಮ್ಮ ಮತ್ತೆ ಅಂಟಿಸಿದಳು. ಅವಳಿಗೆ ಅರ್ಥವಾಗಿತ್ತು, ಅಥವಾ ಹಾಗೆಂದುಕೊಂಡಳು: ಮಾತಾಡಲು ತುಂಡುಗಳು ಬೇಕು, ಅವು ಮುಚ್ಚಿಹೋಗಿವೆ. ಮಾತಿಲ್ಲದ ಮನುಷ್ಯನ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಗಿದೆ, ಪಾಪ, ಎಂದು ಮಗಳ ಹತ್ತಿರ ಹೇಳಿಕೊಂಡಳು. ಅವನ ಕೈ ಹಿಡಿದು, ಸ್ವಲ್ಪ ದಿನ ತಡ್ಕೊಳ್ಳಿ ಎಂದಳು. ಅವನು ಕೈ ಬಿಡಿಸಿಕೊಂಡ.

ಆಮೇಲೆ ಅವನು ಪ್ಲೈವುಡ್ಡನ್ನೇ ಕುಟ್ಟತೊಡಗಿದ. ಎಲ್ಲೆಂದರಲ್ಲಿ ಅಲ್ಲ. ಒಂದೇ ಜಾಗ, ಕಿಟಕಿಯಿಂದ ಈಚೆಗೆ, ಮಂಚದ ಕಾಲಿನ ಹತ್ತಿರ. ಅಮ್ಮ ಕಣ್ಣಳತೆಯಲ್ಲಿ ಲೆಕ್ಕ ಹಾಕಿದಳು. ಹೊದಿಕೆಯ ಕೆಳಗೆ ಅಲ್ಲೆಲ್ಲೋ ಬೇಕರಿಯದು ಬರಬೇಕು. ಬ್ರೆಡ್ಡು ತಂದುಕೊಟ್ಟಳು. ಅವನು ತಳ್ಳಿದ, ಮತ್ತೆ ಕುಟ್ಟಿದ. ಹಾಲಿನಲ್ಲಿ ಅದ್ದಿ ತಂದಳು. ಬಟ್ಟಲು ಉರುಳಿತು. ಸಂಜೆ ಮಗಳು ಮನೆಗೆ ಬಂದಾಗಲೂ ಕುಟ್ಟುತ್ತಿದ್ದ. ಆ ಒಂದೇ ಸದ್ದು ಗಂಟಲಿನಿಂದ ಬರುತ್ತಿತ್ತು. ಹಣೆಯ ಮೇಲೆ ಬೆವರು, ಆ ಚಳಿಯಲ್ಲಿ. ಈ ಕಾಯಿಲೆಯವರಿಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಗೀಳು ಬರುವುದುಂಟು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನರ್ಸು ಸಮಾಧಾನ ಹೇಳಿದಳು.

ಚಿಮಣಿಗೆ ಕೊಳವೆ ಇಳಿಸಲು ಬಂದ ಮಾವನಿಗೆ ಆ ಕುಟ್ಟುವಿಕೆ ಕೇಳಿ ಗಾಬರಿಯಾಯಿತು. ಗಾರೆ ಇನ್ನೂ ಹಸಿ, ನೆಲ ಹೀಗೆ ಅದುರಿದರೆ ಚಪ್ಪಡಿಯ ಕೆಳಗೆ ಬಿರುಕು ಬಿಡುತ್ತದೆ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದ. ಬಾವನಿಗೆ ಗೀರಿನ ಭಯವೇ ಇರಬೇಕು ಎಂದು ಇನ್ನೊಂದು ಕಂಬಳಿಯನ್ನೂ ತಂದು ಹಾಸಿದ. ಅಪ್ಪ ಅದರ ಮೇಲೂ ಕುಟ್ಟಿದ. ಆಗ ಮಾವ ಬಗ್ಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೋಲನ್ನು ತೆಗೆದುಕೊಂಡ.

"ಬೆಂಕಿ ಹಚ್ಚೋ ದಿನ ಕೊಡ್ತೀನಿ ಬಾವ. ನನ್ನ ಮೇಲೆ ನಂಬಿಕೆ ಇಡಿ, ಒಂದು ಸಲ."

ಕೋಲನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದರು. ಅಪ್ಪ ಬಾಗಿಲನ್ನೇ ನೋಡುತ್ತ ಮಲಗಿದ. ಮರುದಿನದಿಂದ ಗಂಟಲಿನ ಸದ್ದೂ ನಿಂತಿತು. ಸಮಾಧಾನವಾದರು ಎಂದಳು ಅಮ್ಮ. ಸಂಜೆಯ ಚೊಂಬು ತುಂಬಿಸಿಕೊಂಡು ಬಂದಳು. ಅವಳು ನೀರು ಹಾಕುವಾಗಲೆಲ್ಲ ಅವನು ಗೋಡೆಯ ಕಡೆ ತಿರುಗುತ್ತಿದ್ದ. ಕೋಣೆಯಲ್ಲಿ ಒಂದು ಮುಗ್ಗಲು ವಾಸನೆ ಸುಳಿಯತೊಡಗಿತ್ತು. ಹೊಸ ಗಾರೆಯದಿರಬೇಕು ಎಂದುಕೊಂಡರು.

ಹೊದಿಕೆ ತೆಗೆದದ್ದು ಒಂದು ರಜೆಯ ಬೆಳಿಗ್ಗೆ. ಮಾವ ಒಗೆದು ಮಡಿಸಿದ ಅಂಗಿ ಹಾಕಿಕೊಂಡು ಬಂದಿದ್ದ. ಅಪ್ಪನನ್ನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿಗೆ ಕೂರಿಸಿ, ಮೊದಲು ಬಾಗಿಲ ಕಡೆಯ ಹಲಗೆ ಎತ್ತಿದ. ಕಂಬಳಿ ಒಣಗಿತ್ತು. ಪ್ಲಾಸ್ಟಿಕ್ಕನ್ನು ಅರ್ಧಕ್ಕೆ ಸುರುಳಿ ಸುತ್ತಿ, ಕೆಳಗಿನ ನೆಲವನ್ನು ಪೂರಾ ನೋಡದೆಯೇ, ಹಿಂದೆ ತಿರುಗಿ ಹೇಳಿದ: "ಒಂದೇ ಒಂದು ಗೀರು ಇದ್ರೆ ತೋರಿಸಿ ಬಾವ."

ಗೀರು ಇರಲಿಲ್ಲ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಹನಿಹನಿಯಾಗಿ ನಿಂತಿತ್ತು. ಉಳಿದ ಹೊದಿಕೆಯನ್ನೂ ಎಳೆದು ತೆಗೆದರು. ಕಿಟಕಿಯಿಂದ ಅಗ್ಗಿಷ್ಟಿಕೆಯವರೆಗೆ ನೆಲ ಉಬ್ಬಿತ್ತು, ಕೆಳಗೆ ಯಾರೋ ಮಲಗಿ ಬೆನ್ನೆತ್ತಿದಂತೆ. ಹಳದಿ ತುಂಡುಗಳು ಒಂದು ಬೆರಳು ಮೇಲೆದ್ದಿದ್ದವು. ಕೆಂಪಿನವು ಪಕ್ಕದವನ್ನು ಒತ್ತಿ ಸೀಳಿದ್ದವು. ಕಪ್ಪಿನವು ತಮ್ಮ ಜಾಗದಲ್ಲೇ ಇದ್ದವು, ಆದರೆ ಬಣ್ಣ ಬಿಟ್ಟು, ಅವುಗಳ ಕಲೆ ಸುತ್ತಲಿನ ಮರಕ್ಕೆಲ್ಲ ಇಳಿದು, ಎಷ್ಟೋ ಕಡೆ ಯಾವುದು ಯಾವ ಮನೆಯದೆಂದು ತಿಳಿಯುವಂತಿರಲಿಲ್ಲ. ಬೂಷ್ಟು ಬಿಳಿಯ ನೂಲಿನಂತೆ ಸಂದುಗಳಲ್ಲಿ ಹಬ್ಬಿತ್ತು. ಅಗ್ಗಿಷ್ಟಿಕೆಯ ಕಡೆಗೆ ಹೋದಷ್ಟೂ ಹೆಚ್ಚು.

ಮಗಳು ಅಪ್ಪ ಕುಟ್ಟುತ್ತಿದ್ದ ಜಾಗಕ್ಕೆ ಹೋಗಿ ಬಗ್ಗಿದಳು. ಬೇಕರಿಯದು ಒಂದು ಅಂಗೈಯಗಲ ಆಚೆಗಿತ್ತು. ಕೋಲು ಬೀಳುತ್ತಿದ್ದ ಜಾಗದ ಕೆಳಗಿದ್ದದ್ದು ಬೂದುಬಣ್ಣದ್ದು. ಈಜುಕೊಳ. ಅವಳು ಅದರ ಮೇಲೆ ಕೈಯಿಟ್ಟು ಅಮ್ಮನ ಮುಖ ನೋಡಿದಳು. ಹೇಳುವ ಅಗತ್ಯ ಬೀಳಲಿಲ್ಲ. ಅಮ್ಮನ ಕೈಯಲ್ಲಿ ಬೆಳಗಿನ ಚೊಂಬು ಇನ್ನೂ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಕೋಣೆಯೆಲ್ಲ ನೋಡಿದಳು. ಕೊನೆಗೆ ಹೊರಗೆ ಹೋಗಿ, ಬಾಗಿಲ ಆಚೆ, ಛತ್ರಿ ಇಡುವ ಜಾಗದಲ್ಲಿ ಇಟ್ಟು ಬಂದಳು.

ಅಪ್ಪ ನೆಲವನ್ನು ನೋಡಲಿಲ್ಲ. ಅವನಿಗೆ ನೋಡುವ ಅವಶ್ಯಕತೆಯಿರಲಿಲ್ಲ.

ಮಾವ ಮಂಡಿಯೂರಿ ಕೂತು ಒಂದು ಉಬ್ಬನ್ನು ಅಂಗೈಯಿಂದ ಒತ್ತಿದ. ಅದು ಕೆಳಗಿಳಿದು, ಕೈ ತೆಗೆದ ಕೂಡಲೆ ಮೇಲೆ ಬಂತು. ಇನ್ನೊಂದನ್ನು ಒತ್ತಿದ. ಬಹಳ ಹೊತ್ತು ಹಾಗೇ ಒತ್ತುತ್ತಿದ್ದ. ಆಮೇಲೆ, ಒಣಗಿದರೆ ಕೂತೀತು, ಸಣ್ಣ ಬೆಂಕಿಯಲ್ಲಿ ನಿಧಾನಕ್ಕೆ ಒಣಗಿಸೋಣ ಎಂದ. ಅವನ ದನಿಯನ್ನು ಅವನೇ ನಂಬಿರಲಿಲ್ಲ. ಆದರೆ ಬೇರೆ ಏನು ಮಾಡುವುದೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ, ತಿಳಿದಿದ್ದವನು ಹೇಳುವಂತಿರಲಿಲ್ಲ.

ಒಲೆ ಹಚ್ಚಿದರು. ಒಂದು ಸುಳಿ ಹೊಗೆಯೂ ಕೋಣೆಗೆ ಬರಲಿಲ್ಲ. ಗಾಜಿನ ಹಿಂದೆ ಬೆಂಕಿ ಸದ್ದಿಲ್ಲದೆ ಉರಿಯಿತು. ಎಷ್ಟೋ ಚಳಿಗಾಲಗಳ ನಂತರ ಆ ಕೋಣೆಯ ಗೋಡೆಗಳು ಬೆಚ್ಚಗಾದವು. ಸಿಡಿದ ಕೆಂಡಗಳು ಅಗಲದ ಚಪ್ಪಡಿಯ ಮೇಲೇ ಬಿದ್ದು ಆರಿದವು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಮಾವ ಜೀವನದಲ್ಲೇ ಮಾಡಿರಲಿಲ್ಲ. ನೆಲ ಒಣಗತೊಡಗಿತು. ಟಿಕ್, ಟಿಕ್ ಎಂದು ಅಲ್ಲೊಂದು ಇಲ್ಲೊಂದು ತುಂಡು ಅಂಟು ಬಿಡುವ ಸದ್ದು ದಿನವೆಲ್ಲ ಕೇಳುತ್ತಿತ್ತು. ಒಣಗಿದವು ಕೂರಲಿಲ್ಲ. ಅಂಚು ಮೇಲಾಗಿ, ಬಿಸಿಲಿಗೆ ಬಿದ್ದ ಎಲೆಗಳಂತೆ ಸುರುಟಿಕೊಂಡವು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟವು. ನರ್ಸು ಬಾಗಿಲಲ್ಲೇ ನಿಂತು ನೋಡಿ, ಕಾಲೆಳೆಯುವವರನ್ನು ಈ ನೆಲದ ಮೇಲೆ ನಡೆಸಿದರೆ ಬೀಳಿಸಿದ ಪಾಪ ನನಗೆ ಎಂದಳು. ಹತ್ತು ಹೆಜ್ಜೆಯ ಮಾತನ್ನು ಅವಳೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ಕೋಲನ್ನು ಅಪ್ಪನ ಕೈಗೆ ಕೊಟ್ಟದ್ದು ಅಮ್ಮ. ಮಂಚದ ಅಂಚಿಗೆ ಕೂರಿಸಿ, ಬೆರಳುಗಳನ್ನು ಹಿಡಿಯ ಸುತ್ತ ಮಡಚಿ, ಕಾದಳು. ಕೋಲು ಅಲುಗಲಿಲ್ಲ. ಅವಳೇ ಒಂದು ಸುರುಟಿದ ತುಂಡನ್ನು ಕಾಲಬೆರಳಿನಿಂದ ಮುಟ್ಟಿ, ಇದು ಹಲ್ಲು ಡಾಕ್ಟರ ಮನೆಯದಲ್ಲವೇ, ಅವರ ನಾಯಿ ನಿಮ್ಮ ಚಪ್ಪಲಿ ತಿಂದು ನೀವು ಬರಿಗಾಲಲ್ಲಿ ಬಂದಿದ್ದಿರಿ ಎಂದಳು. ಅದು ಡಾಕ್ಟರ ಮನೆಯದಲ್ಲ ಎಂದು ಮಗಳಿಗೂ ಗೊತ್ತಿತ್ತು. ಮೊದಲೆಲ್ಲ ತಪ್ಪು ಹೇಳಿದರೆ ಅಪ್ಪ ಎರಡು ಸಲ ಕುಟ್ಟುತ್ತಿದ್ದ. ಅಮ್ಮ ಬೇಕೆಂದೇ ಇನ್ನೊಂದು ತಪ್ಪು ಹೇಳಿದಳು. ಮತ್ತೊಂದು. ಅವನು ಕಿಟಕಿಯ ಹೊರಗೆ, ಎದುರುಮನೆಯ ಗೋಡೆಯನ್ನು ನೋಡುತ್ತಿದ್ದ.

ಆಗ ಮಾವನಿಗೆ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಅವನು ಅಟ್ಟದಿಂದ ಅದನ್ನು ಇಳಿಸಿ ತಂದು, ಬಾವನ ಮಡಿಲ ಕಂಬಳಿಯ ಮೇಲೆ ತುಂಡುಗಳನ್ನು ಒಂದೊಂದಾಗಿ ಜೋಡಿಸಿದ. ಕಿತ್ತು ತೆಗೆದ ಆ ಮೊದಲ ಸಾಲೊಂದೇ ಇಡೀ ನೆಲದಲ್ಲಿ ನೆಟ್ಟಗೆ ಉಳಿದದ್ದು. ಹೊಳೆಯುತ್ತಿದ್ದವು. ಮಾವ ಮಾತಾಡುತ್ತಲೇ ಇದ್ದ. ಈ ಸಾಲಿದೆಯಲ್ಲ, ಇದರಿಂದಲೇ ಮತ್ತೆ ಶುರುಮಾಡೋಣ, ನೀವು ಹಾಸಿದ ಮನೆಗಳಿಗೆಲ್ಲ ನಾನೇ ಹೋಗುತ್ತೇನೆ, ಒಂದೊಂದು ತುಂಡು ಕೇಳುತ್ತೇನೆ, ಕೊಡದೆ ಇರುತ್ತಾರೆಯೇ. ಅರ್ಧ ಮನೆಗಳು ಕೈ ಬದಲಾಗಿವೆ, ಕೆಲವನ್ನು ಕೆಡವಿಯೇ ಆಗಿದೆ ಎಂಬುದು ಅವನಿಗೂ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ. "ಬೈದುಬಿಡಿ ಬಾವ. ಒಂದು ಸಲ, ಬಾಯ್ತುಂಬ ಬೈದುಬಿಡಿ" ಎಂದ. ಅಮ್ಮ ನಡುವೆ ಬಂದು, ಅವನದೇನು ತಪ್ಪು, ನೀರು ಹಾಕಿದವಳು ನಾನು ಎಂದಳು. ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುವವರಂತೆ.

ಅಪ್ಪ ಕೋಲನ್ನು ಕೆಳಗೆ ಬಿಟ್ಟ. ಎಡಗೈ ಕಂಬಳಿಯ ಮೇಲೆ ನಿಧಾನವಾಗಿ ಸರಿಯಿತು. ಒಂದೊಂದು ತುಂಡನ್ನೂ ದಾಟಿ, ಒಂದರ ಮೇಲೆ ನಿಂತಿತು. ಅದನ್ನು ಸಾಲಿನಿಂದ ಎತ್ತಿ, ಅವರಿಬ್ಬರ ಮುಂದೆ, ಮಂಚದ ಅಂಚಿನಲ್ಲಿ ಇಟ್ಟ.

ವಕೀಲರ ಮನೆಯದು.

ಮಾವನ ಮಾತು ಅರ್ಧಕ್ಕೆ ನಿಂತಿತು. ಅಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಅಪ್ಪನ ಎಡಗೆನ್ನೆ ಅಲುಗೀತೇನೋ ಎಂದು ಮಗಳು ಕಾದಳು. ಅಲುಗಲಿಲ್ಲ.

ಮರುದಿನ ಹಾಸಿಗೆ ಕೊಡವಲು ಬಂದ ಅಮ್ಮ ಆ ತುಂಡನ್ನು ಎತ್ತಿ ಡಬ್ಬಿಗೆ ಹಾಕಲು ಹೋದಳು. ಅಪ್ಪ ಅದರ ಮೇಲೆ ಕೈಯಿಟ್ಟ. ಅದರ ಮರುದಿನವೂ ಇಟ್ಟ. ಅವಳು ಮತ್ತೆ ಅದನ್ನು ಮುಟ್ಟಲಿಲ್ಲ. ಆ ಮನೆಯಲ್ಲೀಗ ಮುಂದಿನ ಕೋಣೆ ಯಾವಾಗಲೂ ಬೆಚ್ಚಗಿರುತ್ತದೆ. ಅಮ್ಮ ಸೌದೆ ಹಾಕುತ್ತಾಳೆ, ಗಾಜಿನ ಬಾಗಿಲು ಮುಚ್ಚುತ್ತಾಳೆ, ಎದ್ದ ಅಂಚುಗಳನ್ನು ನೋಡಿಕೊಂಡು ಹೆಜ್ಜೆಯಿಟ್ಟು ಅಡುಗೆಮನೆಗೆ ಹೋಗುತ್ತಾಳೆ. ಯಾರೂ ಏನೂ ಮಾತಾಡುವುದಿಲ್ಲ.